ಅರ್ಧ ಬಾರ್ ಗಾಳಿ

ಗೆಲ್ಸನ್‌ಕಿರ್ಶನ್, ನವೆಂಬರ್. ಶಟರ್ ಅರ್ಧ ಎಳೆದಿದ್ದೇನೆ.
ಲ್ಯೂಡೆಕೆಯವರ ಕಾರು ಬಾನೆಟ್ಟೆತ್ತಿ ನಿಂತಿದೆ
ಹಲ್ಲಿನ ಡಾಕ್ಟರ ಮುಂದೆ ಬಾಯಿ ಕಳೆದ ಹಾಗೆ.
ಎಂಟು ಸಿಲಿಂಡರು. ಇದಕ್ಕೇನು ಕಡಿಮೆ ಅಂದರೆ
ಇನ್ನಷ್ಟು ಬೇಕು ಅಂದರು, ಅಷ್ಟೇ.

ಸೂಪರ್‌ಚಾರ್ಜರು ಕೂರಿಸಿದೆ,
ಜಾಗ ಸಾಲದೆ ಬೈಯುತ್ತ ಬ್ರಾಕೆಟ್ ಅರ ಹಾಕಿ ಉಜ್ಜಿದೆ.
ಬೆಲ್ಟು ಬಿಗಿದು ಕೀಲಿ ತಿರುಗಿಸಿದರೆ
ಸುಂಯ್—
ಅರ್ಧ ಬಾರ್ ಹೆಚ್ಚಿನ ಗಾಳಿ ಎದೆಗೆ ನುಗ್ಗುವ ಸದ್ದು.

ಗೊತ್ತು ನನಗಿದು.
ಮೂರನೇ ಮಹಡಿಯಲ್ಲಿ ಅಪ್ಪನ ಮಂಚದ ಪಕ್ಕ
ಆಮ್ಲಜನಕದ ಯಂತ್ರ ರಾತ್ರಿಯಿಡೀ ಹೀಗೇ;
ಮೂವತ್ತೊಂದು ವರ್ಷ
ಕಲ್ಲಿದ್ದಲ ಪುಡಿ ಕುಡಿದ ಪುಪ್ಪುಸ.

ಎಷ್ಟು ಕುದುರೆ ಏರಿತು, ವೀಬ್ಕೆ?
ನೂರಾ ನಲವತ್ತು ಅಂದೆ.

ಗಣಿಯೊಳಗೂ ಕುದುರೆಗಳಿದ್ದವಂತೆ ಅಜ್ಜನ ಕಾಲಕ್ಕೆ,
ಕತ್ತಲಲ್ಲೂ ದಾರಿ ತಪ್ಪುತ್ತಿರಲಿಲ್ಲವಂತೆ.

ಬಿಲ್ಲು ಬರೆದೆ.