ನೂರಾ ಹದಿನೇಳನೇ ಹಲ್ಲು

ದ್ವೀಪದಿಂದ ಒಂದು ಕಾಗದ ಬಂದೈತಿ
ಗೋಕುಲ ರೋಡಿನ ನಮ್ಮ ಶೆಡ್ಡಿಗೆ.
ಉಪ್ಪುಗಾಳಿ ಕುಡಿದು ಅಂಚು ಮೆತ್ತಗಾಗೈತಿ.
ಇಂಗ್ಲಿಷ್ ಟೈಪು. ಬಿಲ್ ಬರಿಯೋ ಪ್ರಭಾವತಿ ಓದಿ ಹೇಳಿದ್ಲು:

ನೀವು ಕಡಿದು ಕೊಟ್ಟ ಕಂಚಿನ ಗೇರು ಚಲೋ ನಡದೈತಿ.
ಉಪಗ್ರಹ ಬಂದಾಗ ಅಂಟೆನಾ ಅದರ ಹಿಂದ ತಿರುಗತೈತಿ,
ಒಂದು ಮಾತೂ ತಪ್ಪಿಲ್ಲ.
ಆದ್ರ ರಾತ್ರಿ ಪಾಳಿಯೊಳಗ, ಸಮುದ್ರ ಸುಮ್ಮನಿದ್ದಾಗ,
ಪೂರ್ವಕ್ಕ ಹೊಳ್ಳೋ ಮುಂದ, ಒಂದೇ ಒಂದು ಸಲ
ಟಕ್ ಅಂತೈತಿ.
ಇದು ದೂರಲ್ಲ. ತಿಳಿಸಿದೆ ಅಷ್ಟ.

ದೂರಲ್ಲ ಅಂತ.
ದೂರ ಎಷ್ಟೈತಿ ಅಂತ ಪ್ರಭಾವತಿಗೂ ಗೊತ್ತಿಲ್ಲ.
ಕೆಳಗ ಸಹಿ ಐತಿ, ಹೆಸರು ಓದಾಕ ಬರೂದಿಲ್ಲ.

ಲಾಲಸಾಬ ಮೇಸ್ತ್ರಿ ಡ್ರಾಯಿಂಗ್ ತಗದು ಹಾಸಿದ,
ಚಾದ ಗ್ಲಾಸು, ವರ್ನಿಯರು, ಎರಡು ಬೇರಿಂಗು,
ನಾಲ್ಕೂ ಮೂಲಿಗೆ ಇಟ್ಟ.
ನೂರಾ ಎಂಬತ್ತು ಹಲ್ಲು.
ಕೂದಲು ಮೂರು ಸೀಳಿದ್ರ ಒಂದು ಸೀಳಿನಷ್ಟ ಮಾಫಿ.
'ಗೇಜು ಪಾಸ್ ಮಾಡಿತ್ತಲ್ಲ?'
'ಮಾಡಿತ್ರಿ' ಅಂದೆ.
ಅಂದು, ಕೈಯಾನ ಎಣ್ಣಿ ಒರಸಿಕೋತ ನಿಂತೆ.

ನನಗ ಗೊತ್ತಿತ್ತು.
ನೂರಾ ಹದಿನೇಳನೇ ಹಲ್ಲು ಅರ್ಧ ಕಡದಾಗ
ಕರೆಂಟ್ ಹೋತು. ನಾಲ್ಕು ತಾಸು.
ಕಟರು ಕಂಚಿನಾಗ ಬಾಯಿಟ್ಟಕೊಂಡ ನಿಂತಿತ್ತು.
ನಾವು ಹೊರಗ ಕಟ್ಟಿಮ್ಯಾಲ ಗಿರ್ಮಿಟ್ ತಿಂದಿವಿ.
ಇಡೀ ಎಸ್ಟೇಟು ಕತ್ತಲಿ, ಅದಕ್ಕ ಕಾಣಿಸ್ತು:
ಒಂದು ಚುಕ್ಕಿ, ಗಡಬಡಿ ಇಲ್ಲದ ಜರಗತಿತ್ತು.
'ವಿಮಾನಲ್ಲ ಅದು' ಅಂದ ಮೇಸ್ತ್ರಿ, 'ಮಿಣಕೂದಿಲ್ಲ ನೋಡು.'

ನಮಗ ಅದು ಏನೂ ಹೇಳಲಿಲ್ಲ.
ಜಂಕ್ಷನ್ನಿನ ಅಷ್ಟುದ್ದ ಪ್ಲಾಟ್‌ಫಾರ್ಮಿನಾಗ
ನಿಲ್ಲದ ಗೂಡ್ಸ್ ಗಾಡಿ ಹಾದಂಗ ಹಾದು ಹೋತು.

ಅದರ ಸ್ಟೇಷನ್ನು ಬ್ಯಾರೆ.
ಎಲ್ಲೋ ನೀರಿನ ನಡುವ ಒಂದು ಬೊಗಸಿ ನೆಲ,
ಅದರ ಮ್ಯಾಲ ಆಕಾಶಕ್ಕ ಹಿಡಿದ ಬಿಳೀ ಬೋಗುಣಿ.
ಹತ್ತು ಮಿನಿಟು, ಅಷ್ಟ.
ಗಾಳಿ ಯಾವ ಕಡಿ, ಮಾಡ ಎಲ್ಲಿ ಕಟ್ಟೈತಿ,
ಯಾವ ದೋಣಿ ಇನ್ನೂ ದಂಡಿಗೆ ಬಂದಿಲ್ಲ,
ಎಲ್ಲಾ ಒದರಿ ಆಚಿ ಕಡಿ ಮುಳಗತೈತಿ.
ಕೇಳೂ ಬೋಗುಣಿ ತಿರುಗಬೇಕು, ನಡುಗಬಾರದು.
ಆ ಹತ್ತು ಮಿನಿಟಿನೊಳಗ
ಹುಬ್ಬಳ್ಳ್ಯಾಗ ಕರೆಂಟ್ ಹೋದದ್ದು
ದಿನಾ ಒಂದು ಸಲ ಕೇಳತೈತಿ.

ಸಮುದ್ರ ನಾ ನೋಡಿಲ್ಲ.
ಉಣಕಲ್ ಕೆರಿ ನೋಡೇನಿ, ಅದಕ್ಕ ಆಚಿ ದಂಡಿ ಐತಿ.
ಆ ದಂಡಿಮ್ಯಾಲ ಬಸ್ಸೂ ಓಡತಾವು.

ಗೇಜಿಗೆ ಸಿಗದ್ದು ಒಂದು ಕಿವಿಗೆ ಸಿಕ್ಕೈತಿ.
ಅಷ್ಟು ಸುಮ್ಮನ ಕುಂದರಾಕ
ಆ ಮನಿಶಾಗ ಎಷ್ಟು ವರ್ಷ ಹಿಡದಿರಬೇಕು?

'ಗ್ರೀಸ್ ಹಚ್ಚರಿ ಅಂತ ಬರಿ' ಅಂದ ಮೇಸ್ತ್ರಿ.
ಪ್ರಭಾವತಿ ಟೈಪ್ ಮಾಡಿದ್ಲು.
ಸಹಿ ಮಾತ್ರ ನಾ ಮಾಡಿದೆ, ಕನ್ನಡದಾಗ,
ಓದಾಕ ಬರೂ ಹಂಗ, ಬಿಡಿಸಿ ಬಿಡಿಸಿ:
ದ್ರಾಕ್ಷಾಯಣಿ ಹೆಬಸೂರ, ಮಿಲ್ಲಿಂಗ್ ಮಷಿನ್.

ನಿನ್ನೆ ರಾತ್ರಿ ಮತ್ತ ಕರೆಂಟ್ ಹೋತು.
ಹೊರಗ ಬಂದೆ. ಮಾಡ ಮುಚ್ಚಿತ್ತು, ಚುಕ್ಕಿ ಇಲ್ಲ.
ಒಂದರಿಂದ ಎಣಿಸಿದೆ.
ನೂರಾ ಹದಿನಾರಕ್ಕ
ನಿಲ್ಲಿಸಿ, ಕಿವಿಗೊಟ್ಟೆ.