ಆಯುವ ಕೈ

ಇಪ್ಪತ್ತೊಂದು ದಿನ ನನ್ನ ಎಡಗೈ
ನನ್ನದೇ ತೊಡೆಸಂದಿಗೆ ಹೊಲಿಸಿಕೊಂಡು ಮಲಗಿತ್ತು,
ಸೊಂಟದ ಸಂಚಿಯಲ್ಲಿ ಚಿಲ್ಲರೆ ಹುಡುಕಲು ಹೋಗಿ
ವಾಪಸು ಬರುವುದನ್ನೇ ಮರೆತ ಹಾಗೆ.

ಹಾಸನದ ದೊಡ್ಡಾಸ್ಪತ್ರೆ, ಮೂರನೇ ಮಹಡಿ.
ಕಿಟಕಿಯಾಚೆ ಅರಸೀಕೆರೆ ಬಸ್ಸಿನ ಹಾರ್ನು.
ಫಿಲೋಮಿನಾ ಸಿಸ್ಟರ್ ಗಂಟೆಗೊಮ್ಮೆ ಬಂದು
ಚರ್ಮ ಒತ್ತಿ, ಬಿಟ್ಟು, ಎಣಿಸುತ್ತಾಳೆ: ಒಂದು, ಎರಡು.
ಬಿಳಿಚಿದ್ದು ಮತ್ತೆ ಕೆಂಪಾದರೆ
ಪುಸ್ತಕದಲ್ಲೊಂದು ಗೀಟು,
ಟಾರ್ಚು ಆರಿಸಿ ಮುಂದಿನ ಮಂಚಕ್ಕೆ.

ನನಗೆ ಬಣ್ಣ ಹೇಳಿಕೊಡಬೇಕೆ?
ಹತ್ತೊಂಬತ್ತು ವರ್ಷ ಕ್ಯೂರಿಂಗ್ ವರ್ಕ್ಸಿನಲ್ಲಿ
ಬೆಲ್ಟಿನ ಮುಂದೆ ಕೂತು ಕಾಫಿಬೀಜ ಆಯ್ದವಳು:
ಕಪ್ಪು, ಒಡಕು, ಹುಳುಕು, ಬಿಳಿಚಿದ್ದು.
ಕಣ್ಣು ನೋಡುವ ಮೊದಲೇ ಕೈ ಎಸೆದಾಗಿರುತ್ತಿತ್ತು.
ಅದೇ ಬೆಲ್ಟು ಒಂದು ಮಂಗಳವಾರ
ನನ್ನ ಕೈಯನ್ನೇ ಆಯ್ದುಕೊಂಡಿತು.

ಎಂಟನೇ ದಿನ ನಾನೇ ಹೇಳಿದೆ:
"ಡಾಕ್ಟ್ರೇ, ಹೆಬ್ಬೆರಳ ಕಡೆಯ ಅಂಚು
ನೇರಳೆಗೆ ತಿರುಗಿದೆ. ನಾಳೆ ಕಪ್ಪು."
ಅಫ್ರೀನ್ ಡಾಕ್ಟರು, ಇನ್ನೂ ಓದುತ್ತಿರುವ ಹುಡುಗಿ,
ಬಗ್ಗಿ ನೋಡಿ ಸುಮ್ಮನಾದಳು.

ರಾತ್ರಿ ಡ್ಯೂಟಿ ಮುಗಿದರೂ ಹೋಗದೆ
ಸ್ಟೂಲೆಳೆದು ಕೂತು ಹೇಳಿದಳು:
ಕಾಂಡಕೋಶ ಅಂತ ಇರುತ್ತದಂತೆ ಮೈಯೊಳಗೆ,
ಯಾವ ಕೆಲಸಕ್ಕೂ ಇನ್ನೂ ಸೇರದೆ ಕೂತದ್ದು.
ತಾನು ಬರಲಾಗದಿದ್ದರೂ
ಚೀಟಿ ಕಳಿಸುತ್ತದಂತೆ,
ಕಣ್ಣಿಗೆ ಕಾಣದ ಗುಳ್ಳೆಗಳೊಳಗೆ ಮಡಿಚಿಟ್ಟು:
ಸಾಯಬೇಡ. ನೆತ್ತರಿಗೆ ದಾರಿ ಬಿಡಿಸು. ಉರಿ ತಗ್ಗಿಸು.
ಆ ಚೀಟಿಗಳನ್ನಷ್ಟೇ ಸೋಸಿ ತೆಗೆದು
ಹೊಲಿದ ಚರ್ಮಕ್ಕೆ ಚುಚ್ಚಿದರೆ
ಅಂಚು ಉಳಿಯಬಹುದಂತೆ.

"ಯಾರಿಗೆ ಉಳಿದಿದೆ?" ಅಂದೆ.
"ಇಲಿಗಳಿಗೆ," ಅಂದಳು.
ಇಬ್ಬರೂ ನಕ್ಕೆವು. ಹೊಲಿಗೆ ಜಗ್ಗಿತು.

ಹತ್ತನೇ ದಿನ ಕಪ್ಪಾದಷ್ಟನ್ನು ಕತ್ತರಿಸಿದರು,
ಎರಡು ಬೀಜದಗಲ.
ಕ್ಯೂರಿಂಗಿನಲ್ಲಾದರೆ ಕಪ್ಪು ಬೀಜಕ್ಕೂ ಗಿರಾಕಿಯಿದ್ದಾನೆ,
ಇದು ಹಳದಿ ಬಕೆಟ್ಟಿಗೆ ಹೋಯಿತು.
ಉಳಿದದ್ದು ಉಳಿಯಿತು.
ಯಾರ ಚೀಟಿ ಯಾರಿಗೆ ತಲುಪಿತೋ.

ಈಗ ಕೈ ಬಿಡುಗಡೆಯಾಗಿದೆ.
ಮೇಲೆ ಮಾತ್ರ ತೊಡೆಸಂದಿನ ಮೆತ್ತನೆ ಚರ್ಮ,
ಹುಟ್ಟಿದಾಗಿನಿಂದ ಬಿಸಿಲು ಕಾಣದ್ದು.
ಡೈರಿ ಸರ್ಕಲ್ಲಿನಲ್ಲಿ ಎಲ್ಲರೆದುರು
ಸೊಪ್ಪಿನ ಕಟ್ಟು ಎತ್ತಿ ನೋಡುತ್ತದೆ,
ನಾಚಿಕೆ ನನಗೇ.
ಸೊಳ್ಳೆ ಕೂತರೂ ಅದಕ್ಕೆ ತಿಳಿಯುವುದಿಲ್ಲ ಇನ್ನೂ.
ಬಸ್ಸು ತಡವಾದಾಗ
ಬಲಗೈಯಿಂದ ಅದನ್ನು ಒತ್ತಿ, ಬಿಟ್ಟು,
ಎಣಿಸುತ್ತೇನೆ:
ಒಂದು