ಎರಡಕ್ಕೊಂದು, ನಾಲ್ಕಕ್ಕೊಂದು

ಬ್ರಿಸ್ಟಲ್ಲಿನ ಈಸ್ಟನ್. ಕೆಳಗೆ ಟೈರಿನಂಗಡಿ,
ಮೇಲೆ ನಾನು, ಎರಡು ಸ್ಪೀಕರು,
ಪಕ್ಕದ ಮನೆಗೆ ಸದ್ದು ಹೋಗದಿರಲೆಂದು
ಗೋಡೆಗೆ ಆನಿಸಿ ನಿಲ್ಲಿಸಿದ ಹಾಸಿಗೆ.
ನಿಮಿಷಕ್ಕೆ ನೂರಾ ಎಪ್ಪತ್ತನಾಲ್ಕರ ಓಟ,
ಎರಡಕ್ಕೊಂದು ಏಟು, ನಾಲ್ಕಕ್ಕೊಂದು.
ಈ ಓಟದಲ್ಲಿ ಸ್ನೇರ್ ಬಿದ್ದರೆ ಎಲ್ಲ ಬಿದ್ದಂತೆ.
ಬಿದ್ದಿದೆ. ಮೂರು ವಾರವಾಯಿತು.

ಒಂಟಿಯಾಗಿ ಕೇಳಿದರೆ ಹುಲಿ:
ಒಣಕಟ್ಟಿಗೆ ಮುರಿದ ಹಾಗೆ ಛಟ್,
ಬೆನ್ನಿಗೇ ತಂತಿಗಳ ಸಣ್ಣ ನಡುಕ.
ಬೇಸ್ ಬಿಟ್ಟೆನೋ, ಬೆಕ್ಕು.
ಸಿಂತ್ ಬಂತೋ, ಬೆಕ್ಕೂ ಇಲ್ಲ,
ಬಾಗಿಲ ಸಂದಿಯಲ್ಲಿ ಬಾಲ ಮಾತ್ರ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ, ಏರಿಸಿದೆ.
ಮೂರು ಡೆಸಿಬೆಲ್, ಮತ್ತೆರಡು,
ಮೀಟರಿನ ಕಣ್ಣು ಕೆಂಪಾಗುವ ತನಕ.
ಆಮೇಲೆ ಒಂದರ ಮೇಲೊಂದು ಹೊದಿಸಿದೆ:
ಹಳೆಯ ಯಂತ್ರವೊಂದರ ಚಪ್ಪಾಳೆ,
ಮಾವನ ವ್ಯಾನಿನ ಬಾಗಿಲು,
ಫ್ರಿಜ್ಜಿನ ಮಂಜು ಚಾಕುವಿನಲ್ಲಿ ಒಡೆದ ಸದ್ದು,
ಎಲ್ಲಕ್ಕೂ ಮೇಲೆ ಚಿಟಿಕೆ ಬಿಳಿ ಗದ್ದಲ.
ಏಳು ಜನ ಒಂದೇ ಅಂಗಿಯೊಳಗೆ ತೂರಿದ ಹಾಗಾಯಿತು,
ಯಾರ ಕೈಯೂ ತೋಳಿನಿಂದ ಹೊರಬರಲಿಲ್ಲ.

ಓಸ್ವಿನ್ ಬಂದ, ಚಿಪ್ಸ್ ತಿನ್ನುತ್ತ ಕೇಳಿದ.
ದೊಡ್ಡದಾಗಿದೆ, ಅಂದ.
ಕೇಳಿಸುತ್ತಾ? ಅಂದೆ.
ಯಾವುದು? ಅಂದ.

ನಿನ್ನೆ ರಾತ್ರಿ ಒಂದೂಕಾಲು.
ಗೋಡೆಯ ಆಚೆಯಿಂದ
ಟಕ್.
ಸ್ವಲ್ಪ ಬಿಟ್ಟು, ಇನ್ನೊಮ್ಮೆ.
ಮಿಸೆಸ್ ಪೆಂಗೆಲಿಯ ಊರುಗೋಲು.
ಬೇಸ್ ಇತ್ತು, ಸಿಂತ್ ಇತ್ತು,
ನನ್ನ ಏಳು ಜನರೂ ಇದ್ದರು, ಹಾಸಿಗೆಯೂ ಇತ್ತು.
ಆದರೂ ಆ ಟಕ್
ಅನ್ನದಲ್ಲಿ ಕಲ್ಲು ಹಲ್ಲಿಗೆ ಸಿಕ್ಕಂತೆ ಸಿಕ್ಕಿತು.

ನಾಚಿಕೆಯಾಗಬೇಕಿತ್ತು ನನಗೆ.
ಆದದ್ದು ಹೊಟ್ಟೆಕಿಚ್ಚು.

ಸದ್ದು ಇಳಿಸಿ, ಕಿವಿಗೆ ಹೆಡ್‌ಫೋನ್ ಹಾಕಿ
ಒಬ್ಬೊಬ್ಬರನ್ನೇ ಮನೆಗೆ ಕಳಿಸಿದೆ.
ಚಪ್ಪಾಳೆ ಹೋಯಿತು, ವ್ಯಾನು ಹೋಯಿತು,
ಮಂಜಿಗೆ ಸ್ವಲ್ಪ ಬೇಜಾರಾಯಿತು, ನನಗೂ.
ಉಳಿದದ್ದು ಕಟ್ಟಿಗೆಯ ಒಂದೇ ಛಟ್.
ಇನ್ನೂರು ಹರ್ಟ್ಸಿನ ಹತ್ತಿರ ಸಿಂತಿನಲ್ಲಿ ಗುಳಿ ತೋಡಿದೆ,
ಅದರ ಹೊಟ್ಟೆ ಕೂರುವಷ್ಟು.
ಏಟು ಬೀಳುವಾಗ ಎವೆಯಿಕ್ಕುವಷ್ಟು ಹೊತ್ತು
ಬಗ್ಗು, ಅಂದೆ ಬೇಸಿಗೆ. ಬಗ್ಗಿತು.
ಕಂಪ್ರೆಸರಿಗೆ ಬುದ್ಧಿ ಹೇಳಿದೆ:
ಬಂದವನ ಕುತ್ತಿಗೆಗೇ ಕೈ ಹಾಕಬೇಡ,
ಮೊನೆ ದಾಟಲಿ, ಮೂವತ್ತು ಮಿಲಿಸೆಕೆಂಡು,
ಆಮೇಲೆ ಮೈ ಹಿಡಿ.
ಪ್ರತಿಧ್ವನಿಯ ಸೆರಗನ್ನು ಮೊಣಕಾಲಿಗೆ ಕತ್ತರಿಸಿದೆ.
ಕೊನೆಗೆ, ಏಟಿಗೆ ಮುಂಚಿನ ಒಂದೇ ಒಂದು
ಹೈಹ್ಯಾಟನ್ನು ಅಳಿಸಿದೆ.
ಅಷ್ಟೇ, ಅಕ್ಕಿಕಾಳಿನಷ್ಟು ಖಾಲಿ.

ಛಟ್.

ಹುಲಿ ಅಲ್ಲ, ಬಿಡಿ. ಆದರೆ ಅದರದೇ ಮುಖ.
ಫೇಡರ್ ನೋಡಿದರೆ
ಮೊದಲ ದಿನಕ್ಕಿಂತ ಎರಡು ಕೆಳಗೆ.

ಬೆಳಗ್ಗೆ ಶುಂಠಿ ಕೇಕು ಹಿಡಿದು ಪಕ್ಕದ ಬಾಗಿಲಿಗೆ ಹೋದೆ.
ಕ್ಷಮಿಸಿ, ಇನ್ನು ಮೇಲೆ ಸದ್ದು ಬರಲ್ಲ, ಅಂದೆ.
ಸಿಗರೇಟು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ
ಯಂತ್ರದ ಬದಿಯಲ್ಲಿ ನಿಂತವಳು ಆಕೆ.
ಸದ್ದೇನೂ ದೊಡ್ಡದಲ್ಲ, ಕೆಟೂರಾ.
ಮೂರು ವಾರದಿಂದ ಅದೇ ಒಂದು ತುಂಡು,
ಮುಗಿಯುತ್ತೆ, ಮತ್ತೆ ಅಲ್ಲಿಂದಲೇ.
ಮುಂದೆ ಏನಾಗುತ್ತೆ ಅಂತ ಕೇಳೋಣವೆಂದು ತಟ್ಟಿದೆ.

ಮುಂದೆ ಏನಾಗುತ್ತೆ.
ಎಂಟು ಆವರ್ತ ಇದೆ ನನ್ನ ಹತ್ತಿರ,
ಎಂಟೂ ಹೊಳೆಯುತ್ತಿವೆ, ತೊಳೆದಿಟ್ಟ ಲೋಟಗಳಂತೆ.
ಒಂಬತ್ತನೆಯದರ ಜಾಗದಲ್ಲಿ ಪರದೆ ಬೂದು.

ಮೇಲೆ ಬಂದೆ. ಕೇಕಿನ ತಟ್ಟೆ ಅಲ್ಲೇ ಮರೆತಿದ್ದೆ.
ಗೋಡೆಗೆ ಆನಿಸಿದ್ದ ಹಾಸಿಗೆಯನ್ನು
ಎಳೆದು, ನೆಲಕ್ಕೆ ಹಾಕಿದೆ.